ಅಗಸಿ

ಎಣ್ಣಿ ಅಳಿಯೂ ಚಮಚ ನಮ್ಮ ಅಡಗಿಮನ್ಯಾಗ ಇರಲೇ ಇಲ್ಲ.
ಬೋಗಾಣ್ಯಾಗ ಬೀಳೂ ಸಪ್ಪಳ ಕೇಳಿ
ಕೈ ತಾನ ನಿಲ್ಲತಿತ್ತು.
ಶಹಾಪುರ ಅಗಸಿ ಒಳಗ, ಇಪ್ಪತ್ತೆರಡು ವರ್ಷದ ಖಾನಾವಳಿ.
ಎಣಗಾಯಿ ಮ್ಯಾಲ ಬೆರಳ ದಪ್ಪ ಎಣ್ಣಿ ತೇಲಬೇಕು,
ಇಲ್ಲಂದ್ರ ಲಾರಿ ನಬಿಸಾಬ ತಾಟು ಸರಿಸಿ ಕೇಳಾಂವ:
‘ನೀಲಮ್ಮಕ್ಕ, ಇವತ್ತೇನು ಉಪಾಸ?’

ಈಗ ಒಂದು ಚಮಚ ಬಂದೈತಿ.
ಮಗಳ ಕೆಮ್ಮಿನ ಔಷಧಿ ಜೋಡಿ ಬಂದದ್ದು, ಪ್ಲಾಸ್ಟಿಕ್ಕಿಂದು,
ಹೊಟ್ಟಿ ಮ್ಯಾಲ ಗೆರಿ ಕೊರದದ್ದು.
ದಿನಕ್ಕ ಮೂರು. ನನಗಷ್ಟ.

ರಕ್ತದ ಚೀಟಿ ಮುನ್ನೂರಾ ನಲವತ್ತು ಅಂದಿತ್ತು.
ಸಣ್ಣ ಡಾಕ್ಟರು ಚೀಟಿ ಬಿಟ್ಟು
ನನ್ನ ಕಣ್ಣಿಗೆ ಬ್ಯಾಟರಿ ಹಿಡದರು.
ರೆಪ್ಪಿ ಮೂಲ್ಯಾಗಿನ ಹಳದಿ ಚುಕ್ಕಿ—
ಮದವಿ ಅರಿಷಿಣ ಒಂದೀಟು ತೊಳೀದ ಉಳದೈತಿ
ಅಂತ ನಗತಿದ್ದೆ ನಾ.
ಅವ್ವಗೂ ಇತ್ತು. ಲಕ್ಷ್ಮೀ ಕಳೆ ಅಂತಿದ್ರು ಮಂದಿ.
ಅಣ್ಣ ಮಡಿವಾಳಪ್ಪಗೂ ಇತ್ತು.
ನಲವತ್ತೊಂದನೇ ವರ್ಷ, ಸೈಕಲ್ ಮ್ಯಾಲ ಹೊಂಟಾಂವ
ಇಬ್ರಾಹಿಂಪುರ ರೈಲ್ವೆ ಗೇಟಿನ್ಯಾಗ ಕಾಲೂರಿ ನಿಂತ,
ನಿಂತಾಂವ ಕುಂತ.
ಗ್ಯಾಸ್ ಅಂದ್ರು ಎಲ್ಲಾರೂ. ಸೋಡಾ ತಂದ್ರು.

ಸಣ್ಣ ಡಾಕ್ಟರು ಹಾಳಿ ಮ್ಯಾಲ ನನ್ನ ನರ ಬರದ್ರು,
ಎರಡು ಗೆರಿ, ನಡುವ ಗೀಚು.
ನನಗ ನಮ್ಮ ಓಣಿ ಅಗಸಿ ಕಂಡಿತು,
ಕಾಯಿಪಲ್ಲೆ ಟಂಟಂ ಒಂದು ಕಲ್ಲಿಗೆ ಸಿಕ್ಕೊಂಡು
ಹಿಂದ ಊರಿಗೂರ ಹಾರ್ನ್ ಹೊಡಿಯೂ ಮುಂಜಾನೆ.
‘ಲಿವರ್ ರಿಪೋರ್ಟ್ ಹೆಚ್ಚುಕಮ್ಮಿ ಐತಿ, ಗುಳಿಗಿ ದೊಡ್ಡವರ ಬರೀಲಿ.
ಅಲ್ಲೀತನಕ ನಿಮ್ಮ ಬಾಯಿ ನಿಮ್ಮ ಕೈಯಾಗ.’

ದೊಡ್ಡವರು ಬರೂದು ಸೊಲ್ಲಾಪುರದಿಂದ,
ತಿಂಗಳಿಗೊಂದು ಶನಿವಾರ.
ಈ ಶನಿವಾರ ತುಂಬೇತಿ. ಮುಂದಿಂದೂ ತುಂಬೇತಿ.
ಅದರ ಮುಂದಿನದಕ್ಕ ಕೌಂಟರ್ ಹುಡುಗ
ನನ್ನ ಹೆಸರು ಪೆನ್ಸಿಲ್‌ಲೇ ಬರದ.
ಮುನ್ನೂರಾ ನಲವತ್ತಕ್ಕ ಅಂಜಿದ್ದಿಲ್ಲ,
ಪೆನ್ಸಿಲ್ಲಿಗೆ ಅಂಜಿದೆ.

ಕಾಯೂದಂದ್ರ ಸುಮ್ಮ ಕುಂಡ್ರೂದಲ್ಲ, ನೋಡ್ರಿ.
ಅಗಸಿ ಹುರೀತೇನಿ.
ಚಟಪಟ ಹಾರಿ ಒಂದೊಂದು ಕಾಳು ಸೀರಿಗೆ ಅಂಟತಾವ.
ಬಳ್ಳೊಳ್ಳಿ, ಒಣಮೆಣಸಿನಕಾಯಿ, ಉಪ್ಪು ಕೂಡಿಸಿ ಕುಟ್ಟತೇನಿ.
ಹತ್ತರಕಿ ಹಸೀದ, ಹೆಸರಕಾಳು, ಕೆನಿ ತಗದ ಮಜ್ಜಿಗಿ.
ರೊಟ್ಟಿಗೇನು, ಅದು ಮೊದಲಿಂದಲೂ ಎಣ್ಣಿ ಹಂಗಿನ್ಯಾಗಿಲ್ಲ.
ಓಣಿಗೂ ಅದ ಹೆಸರು, ಕಾಳಿಗೂ ಅದ ಹೆಸರು;
ಅಗಸಿ ಕುಟ್ಟಿದ್ರ ಅಗಸಿ ತೆರಿತೈತೇನು?
ಒನಕಿಗೆ ಕೇಳಿದೆ. ಅದು ತನ್ನ ಕೆಲಸ ತಾ ಮಾಡಿತು.

ತ್ರಾಸು ಬ್ಯಾರೇ ಐತಿ.
ನೂರಾಹತ್ತು ಮಂದಿ ಪಲ್ಯಾದ ಉಪ್ಪು ನೋಡೂದು
ಯಾವ ಚಮಚದ ಲೆಕ್ಕಕ್ಕ?
ನಾಲಿಗಿ ತುದಿಗೆ ಹಚ್ಚಿ ಉಗಳತೇನಿ.
ಅವ್ವ ಇದ್ದಿದ್ರ ಕಪಾಳಕ್ಕ ಕೊಡತಿದ್ಲು.
ಮೊನ್ನೆ ಅಮಾಸಿ ದಿನ, ಎಲ್ಲಾರೂ ಮಲಗಿದ ಮ್ಯಾಲ,
ಶೇಂಗಾ ಹೋಳಿಗಿ ಒಂದು, ತುಪ್ಪ ಹಚ್ಚಿ,
ಕತ್ತಲಾಗ ನಿಂತ ತಿಂದೆ.
ಸುಳ್ಯಾಕ. ಎರಡು ತಿಂದೆ.

ನಬಿಸಾಬನ ಎಣ್ಣಿ ಕಡಿಮಿ ಮಾಡೂ ಹಕ್ಕು ನನಗೆಲ್ಲಿದು?
ಅವನ ದುಡ್ಡು, ಅವನ ದಾರಿ.
ಆದ್ರ ತಾಟಿನ ಅಂಚಿಗೆ ಒಂದು ಚಿವಟಿ ಅಗಸಿ ಹಿಂಡಿ
ಕೇಳದನ ಇಡತೇನಿ.
ಮೊದಲ ದಿನ ಬೆರಳಲೇ ಬದಿಗೆ ಸರಿಸಿದ.
ನಿನ್ನೆ ಸರಿಸಲಿಲ್ಲ, ತಿನ್ನಲೂ ಇಲ್ಲ.

ರಾತ್ರಿ ಸುವರ್ಣಾ ಮಲಗಿದಾಗ
ಮೊಬೈಲ್ ಬೆಳಕು ಅಂಗೈಯಾಗ ಮುಚ್ಚಿ
ಅವಳ ರೆಪ್ಪಿ ನೋಡಿದೆ.
ಎಡಕ್ಕ ಕಾಡಿಗಿ ಅಷ್ಟ.
ಬಲಕ್ಕ, ಮೂಲ್ಯಾಗ, ಹಳದಿ.
ಸೆರಗು ಒದ್ದಿ ಮಾಡಿ ಹಗೂರಕ ಒರಸಿದೆ.
ಹೋತು.
ಸಂಜಿಗೆ ಬ್ಯಾಳಿ ಒಗ್ಗರಣಿ ಹಾಕಿದಾಕಿ ಅಕಿನ.

ಆದರೂ ಮುಂಜಾನೆ ಹೋಗಿ
ನನ್ನ ಹೆಸರಿನ ಕೆಳಗ ಅಕಿ ಹೆಸರೂ ಬರಸಿದೆ.
ಹುಡುಗ ಪೆನ್ಸಿಲ್ ತಗದ.
ಉದ್ರಿ ಲೆಕ್ಕದ ನನ್ನ ಪೆನ್ನು
ಅವನ ಕೈಯಾಗಿಟ್ಟೆ.